ಐಟಿಐ, ಡಿಪ್ಲೊಮಾ, ಜಿಟಿಟಿಸಿ, ಅಪ್ರೆಂಟಿಸ್‌ಶಿಪ್: ಎಸ್ಸೆಸ್ಸೆಲ್ಸಿ ಆದಮೇಲೆ ಯಾವ ದಾರಿ ಯಾರಿಗೆ?

ಅಂಕ ಕಮ್ಮಿ ಬಂದರೆ ಐಟಿಐ, ಸುಮಾರಾಗಿ ಬಂದರೆ ಡಿಪ್ಲೊಮಾ, ಚೆನ್ನಾಗಿ ಬಂದರೆ ಪಿಯುಸಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಬಹುತೇಕ ಮನೆಗಳಲ್ಲಿ ಹೀಗೇ ಲೆಕ್ಕ ಹಾಕುತ್ತಾರೆ. ಕೈಕೆಲಸ ಕಲಿತು ಬೇಗ ದುಡಿಮೆಗೆ ಇಳಿಯಬೇಕೆನ್ನುವ ಹುಡುಗ ಹುಡುಗಿಯರಿಗೆ ಈ ಲೆಕ್ಕದಿಂದ ನಷ್ಟವೇ ಜಾಸ್ತಿ. ಕೇಳಬೇಕಾದ ಪ್ರಶ್ನೆ ಬೇರೆ ಎರಡಿವೆ. ಸಂಬಳ ಬರುವವರೆಗೆ ಮನೆ ಎಷ್ಟು ವರ್ಷ ಕಾಯಬಲ್ಲದು? ಮುಂದೆ ಯಾವ ಹುದ್ದೆಯ ಅರ್ಜಿ ಹಾಕಬೇಕೆಂದಿದೆ? ಇವೆರಡಕ್ಕೆ ಉತ್ತರ ಸಿಕ್ಕರೆ ದಾರಿ ಹೆಚ್ಚುಕಮ್ಮಿ ತಾನಾಗಿಯೇ ಗೊತ್ತಾಗುತ್ತದೆ. ಯಾವ ಕಾಲೇಜು ಅನ್ನುವುದು ಆಮೇಲಿನ ಮಾತು. ಅದನ್ನು ಆ ಕಾಲೇಜಿನ ಕಸದ ಡಬ್ಬಿ ನೋಡಿ ತೀರ್ಮಾನಿಸಬಹುದು, ಆ ವಿಷಯಕ್ಕೆ ಮುಂದೆ ಬರುತ್ತೇವೆ.

ಎಷ್ಟು ವರ್ಷ, ಕೈಗೆ ಏನು ಬರುತ್ತದೆ

ಐಟಿಐಯಲ್ಲಿ ನಡೆಯುವುದು 1950ರಿಂದ ಇರುವ ಕುಶಲಕರ್ಮಿ ತರಬೇತಿ ಯೋಜನೆ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್, ಮೋಟಾರು ವಾಹನ ಮೆಕ್ಯಾನಿಕ್, ರೆಫ್ರಿಜರೇಶನ್ ಮತ್ತು ಎಸಿ, ಟೂಲ್ ಅಂಡ್ ಡೈ ಮೇಕರ್ ಇವೆಲ್ಲ 2 ವರ್ಷದವು. ವೆಲ್ಡರ್, ಪ್ಲಂಬರ್, ಡೀಸೆಲ್ ಮೆಕ್ಯಾನಿಕ್, ಕೋಪಾ ಎಂದು ಕರೆಯುವ ಕಂಪ್ಯೂಟರ್ ಟ್ರೇಡ್ (ಐಟಿಐಯಲ್ಲಿ ಕಲಿಯುವ ಕಸುಬಿಗೆ ಟ್ರೇಡ್ ಅನ್ನುತ್ತಾರೆ) 1 ವರ್ಷದವು. ವೆಲ್ಡರ್, ವೈರ್‌ಮನ್ ಥರದ ಕೆಲವಕ್ಕೆ 8ನೇ ತರಗತಿ ಪಾಸಾಗಿದ್ದರೂ ಸಾಕು. ಕನಿಷ್ಠ ವಯಸ್ಸು 14. ಮೊದಲ ವರ್ಷದ 1200 ಗಂಟೆಯಲ್ಲಿ 840 ಗಂಟೆ ಪ್ರಾಯೋಗಿಕ, 240 ಗಂಟೆ ಥಿಯರಿ, 120 ಗಂಟೆ ಉದ್ಯೋಗ ಕೌಶಲ. ಅಂದರೆ ಹತ್ತರಲ್ಲಿ ಏಳು ಪಾಲು ವರ್ಕ್‌ಶಾಪಿನಲ್ಲೇ. ಪ್ರಾಯೋಗಿಕದಲ್ಲಿ ಪಾಸಾಗಲು ಶೇ 60 ಬೇಕು, ಥಿಯರಿಗೆ ಶೇ 33 ಸಾಕು. ಹಾಜರಿ ಶೇ 80ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರುವುದೇ ಕಷ್ಟ. ಪಾಸಾದವರಿಗೆ ಸಿಗುವುದು ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ, ಎಲ್ಲರೂ ಎನ್‌ಟಿಸಿ ಅನ್ನುತ್ತಾರೆ.

ಡಿಪ್ಲೊಮಾ 3 ವರ್ಷ, 6 ಸೆಮಿಸ್ಟರ್. ಎಸ್ಸೆಸ್ಸೆಲ್ಸಿಯಲ್ಲಿ ಶೇ 35 ಇದ್ದರೆ ಅರ್ಜಿ ಹಾಕಬಹುದು. ಇಲ್ಲಿ ತಕ್ಕಡಿ ಥಿಯರಿಯ ಕಡೆ ವಾಲುತ್ತದೆ: ಗಣಿತ, ಡ್ರಾಯಿಂಗ್, ಲೆಕ್ಕಾಚಾರ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಎಡವುವುದು ಸಾಮಾನ್ಯವಾಗಿ ಮೊದಲ ಸೆಮಿಸ್ಟರಿನ ಗಣಿತದಲ್ಲಿ. ಅದು ಬುದ್ಧಿ ಸಾಲದೆ ಅಲ್ಲ. ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್ ಅನ್ನುವ ಹೊಸ ವಿಷಯ ಹೊಸ ಭಾಷೆಯಲ್ಲಿ ಒಟ್ಟಿಗೇ ಎದುರಾಗುತ್ತದೆ, ಅಷ್ಟೆ. ಫಲಿತಾಂಶ ಬಂದು ತರಗತಿ ಶುರುವಾಗುವವರೆಗಿನ ಬಿಡುವಿನಲ್ಲಿ ಬೀಜಗಣಿತ, ತ್ರಿಕೋನಮಿತಿಯ ಮೂಲಸೂತ್ರಗಳನ್ನು ಇಂಗ್ಲಿಷ್ ಪದಗಳಲ್ಲಿ ಒಂದು ಸಲ ತಿರುವಿಹಾಕಿದರೆ ಬ್ಯಾಕ್‌ಲಾಗ್, ಅಂದರೆ ಫೇಲಾದ ವಿಷಯ ಬಾಕಿ ಉಳಿಯುವ ಭಯ ಅರ್ಧ ಇಳಿಯುತ್ತದೆ.

ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು. ಈಗ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಕಲಬುರಗಿ, ಹಾಸನ ಮುಂತಾದ ಕಡೆ ಕೇಂದ್ರಗಳಿವೆ. ಇದರ ಹೆಸರುವಾಸಿ ಕೋರ್ಸು ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ: 3 ವರ್ಷ ಕೇಂದ್ರದಲ್ಲಿ, 1 ವರ್ಷ ಕಾರ್ಖಾನೆಯಲ್ಲಿ. ಹೊರಗಿನ ಕಂಪನಿಗಳ ಆರ್ಡರ್ ಇಲ್ಲೇ ತಯಾರಾಗುವುದರಿಂದ ವಿದ್ಯಾರ್ಥಿ ನೋಡುವ ಕೆಲಸ ಮಾದರಿ ಅಭ್ಯಾಸವಲ್ಲ, ಮಾರಾಟವಾಗುವ ವಸ್ತು. ಅಳತೆ ತಪ್ಪಿದರೆ ಬೆಲೆ ಏನೆಂದು ಹದಿನೇಳನೇ ವಯಸ್ಸಿಗೇ ಗೊತ್ತಾಗುತ್ತದೆ. ಶುಲ್ಕ ಸರ್ಕಾರಿ ಪಾಲಿಟೆಕ್ನಿಕ್‌ಗಿಂತ ಹೆಚ್ಚು. ಸೀಟಿಗೆ ಪೈಪೋಟಿಯೂ ಇದೆ. ಇದೇ ಜಾತಿಗೆ ಸೇರಿದ ಖಾಸಗಿ ಸಂಸ್ಥೆ 1959ರ ಎನ್‌ಟಿಟಿಎಫ್. ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಇನ್ನೊಂದು ಬಗೆ. ಗ್ರಾಮೀಣ ಬಡ ಕುಟುಂಬದ ಮಕ್ಕಳಿಗೆ 3 ವರ್ಷದ ವಸತಿಸಹಿತ ತರಬೇತಿ ಅಲ್ಲಿದೆ. ಸೀಟು ಸೀಮಿತ, ಆದರೆ ಅರ್ಜಿ ಹಾಕದೆ ಬಿಡುವುದಕ್ಕೆ ಕಾರಣವೇ ಇಲ್ಲ.

ನಾಲ್ಕನೆಯದು ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ನೇರವಾಗಿಯೂ ಸೇರಬಹುದು, ಐಟಿಐ ಅಥವಾ ಡಿಪ್ಲೊಮಾ ಮುಗಿಸಿಯೂ ಸೇರಬಹುದು. ಎರಡನೆಯದೇ ಹೆಚ್ಚು ಪ್ರಯೋಜನದ್ದು, ಕಾರಣ ಕೆಳಗಿದೆ.

ಸರ್ಕಾರಿ ಕೆಲಸದ ಕಣ್ಣಿನಿಂದ

ಈ ವಿಷಯದಲ್ಲಿ ಹರಡಿರುವ ತಪ್ಪು ನಂಬಿಕೆಗಳು ಒಂದೆರಡಲ್ಲ. ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಿದರೆ ಲೈನ್‌ಮನ್ ಕೆಲಸ ಗ್ಯಾರಂಟಿ ಅನ್ನುವುದು ಅದರಲ್ಲಿ ಮೊದಲನೆಯದು. ಕೆಪಿಟಿಸಿಎಲ್ ಮತ್ತು ಎಸ್ಕಾಂಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಬೇಕಾದ ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ. ಆಯ್ಕೆ ನಡೆಯುವುದು ಎಸ್ಸೆಸ್ಸೆಲ್ಸಿ ಅಂಕ ಮತ್ತು ದೈಹಿಕ ಪರೀಕ್ಷೆಯ ಮೇಲೆ, ಅದರಲ್ಲಿ 8 ಮೀಟರ್ ಕಂಬ ಹತ್ತುವುದು ಕಡ್ಡಾಯ. ಅಲ್ಲಿ ಐಟಿಐ ಪ್ರಮಾಣಪತ್ರಕ್ಕಿಂತ ತೋಳಿನ ಬಲಕ್ಕೆ ಬೆಲೆ. ಅದೇ ನಿಗಮಗಳ ಕಿರಿಯ ಎಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಬೇಕು, ಐಟಿಐ ಸಾಲದು.

ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜತೆ ಐಟಿಐ ನಡೆಯುತ್ತದೆ, ಆದರೆ ಎಲ್ಲ ಟ್ರೇಡೂ ಅಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್, ಡೀಸೆಲ್ ಮೆಕ್ಯಾನಿಕ್, ವೈರ್‌ಮನ್ ಪಟ್ಟಿಯಲ್ಲಿವೆ. ವೆಲ್ಡರ್ ಇಲ್ಲ, ಕೋಪಾ ಇಲ್ಲ. ಟ್ರೇಡ್ ಸರಿಯಿದ್ದರೂ ಕಣ್ಣು ಸರಿಯಿರಬೇಕು: ಕನ್ನಡಕವಿಲ್ಲದೆ ಎರಡೂ ಕಣ್ಣಿನ ದೂರದೃಷ್ಟಿ 6/6, ಬಣ್ಣಗುರುಡು ಇರಕೂಡದು, ಕನ್ನಡಕ ಬಿಡಿಸುವ ಲೇಸಿಕ್ ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಕೂಡದು. ಹತ್ತನೇ ಕ್ಲಾಸಿನಲ್ಲೇ ಕನ್ನಡಕ ಹಾಕಿದ ಹುಡುಗನಿಗೆ ‘ರೈಲು ಓಡಿಸುವ ಕೆಲಸ ಸಿಗುತ್ತೆ’ ಎಂದು ಹೇಳಿ ಫಿಟ್ಟರ್‌ಗೆ ಸೇರಿಸುವುದು ಅನ್ಯಾಯ. ಫಿಟ್ಟರ್ ಬೇಡವೆಂದಲ್ಲ, ಆಸೆ ಬೇರೆ ತೋರಿಸಿ ಎಂದಷ್ಟೆ.

ಕೇಂದ್ರ ಸರ್ಕಾರದ ಉದ್ದಿಮೆ ಬಿಇಎಲ್‌ನಲ್ಲಿ ಟೆಕ್ನಿಷಿಯನ್ ಹುದ್ದೆಗೆ ಎಸ್ಸೆಸ್ಸೆಲ್ಸಿ, ಐಟಿಐ, ಅದರ ಮೇಲೆ 1 ವರ್ಷದ ಅಪ್ರೆಂಟಿಸ್‌ಶಿಪ್ ಕೇಳುತ್ತಾರೆ. 3 ವರ್ಷದ ಡಿಪ್ಲೊಮಾದವರಿಗೆ ಎಂಜಿನಿಯರಿಂಗ್ ಅಸಿಸ್ಟೆಂಟ್ ಟ್ರೇನಿ ಅನ್ನುವ ಬೇರೆ ಹುದ್ದೆ. ಇಸ್ರೊದಲ್ಲೂ ಹೀಗೇ: ಟೆಕ್ನಿಷಿಯನ್-ಬಿ ಐಟಿಐಯವರಿಗೆ, ಟೆಕ್ನಿಕಲ್ ಅಸಿಸ್ಟೆಂಟ್ ಪ್ರಥಮ ದರ್ಜೆ ಡಿಪ್ಲೊಮಾದವರಿಗೆ. ಹಾಗಾಗಿ ಡಿಪ್ಲೊಮಾ ಐಟಿಐಗಿಂತ ಒಂದು ಮೆಟ್ಟಿಲು ಮೇಲೆ, ಐಟಿಐಯವರ ಹುದ್ದೆಯೂ ಅದರೊಳಗೇ ಬಂತು ಎಂದು ತಿಳಿಯಬೇಡಿ. ಇವೆರಡೂ ಬೇರೆ ಬೇರೆ ಸಾಲು. ಎನ್‌ಟಿಸಿ ಇಲ್ಲದ ಡಿಪ್ಲೊಮಾದವರನ್ನು ಟೆಕ್ನಿಷಿಯನ್ ಸಾಲಿನಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ.

ಎರಡೂ ಸಾಲಿನಲ್ಲಿ ನಿಲ್ಲುವ ಉಪಾಯ ಒಂದಿದೆ. 2 ವರ್ಷದ ಟ್ರೇಡ್‌ನ ಐಟಿಐ ಪಾಸಾದವರು ಹೊಂದುವ ವಿಭಾಗದ ಡಿಪ್ಲೊಮಾದ 3ನೇ ಸೆಮಿಸ್ಟರಿಗೆ ನೇರ ಸೇರಬಹುದು. ಒಟ್ಟು 4 ವರ್ಷದಲ್ಲಿ ಎರಡೂ ಪ್ರಮಾಣಪತ್ರ ಕೈಲಿರುತ್ತವೆ. ನೇರ ಡಿಪ್ಲೊಮಾಗಿಂತ ಒಂದೇ ವರ್ಷ ಜಾಸ್ತಿ. ಎರಡು ಎಚ್ಚರಿಕೆ: 1 ವರ್ಷದ ಟ್ರೇಡ್ ತೆಗೆದುಕೊಂಡವರಿಗೆ ಈ ಬಾಗಿಲು ಇಲ್ಲ, ಹಾಗೆ ನೇರ ಬಂದವರು ಮೊದಲ ವರ್ಷದ ಗಣಿತ ಓದಿರುವುದಿಲ್ಲ, ಅದನ್ನು ಸ್ವಂತವಾಗಿ ತುಂಬಿಕೊಳ್ಳದಿದ್ದರೆ 3ನೇ ಸೆಮಿಸ್ಟರ್ ಭಾರವಾಗುತ್ತದೆ. ಡಿಪ್ಲೊಮಾದಿಂದ ಮುಂದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಡಿಪ್ಲೊಮಾದವರಿಗೆ ನಡೆಸುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ 2ನೇ ವರ್ಷಕ್ಕೆ ಹೋಗಬಹುದು. ಬಿಇ ಮಾಡಬೇಕೆಂಬ ಆಸೆ ಈಗಲೇ ಗಟ್ಟಿಯಾಗಿದ್ದರೆ ಐಟಿಐ ಸುತ್ತುದಾರಿ, ನೇರ ಡಿಪ್ಲೊಮಾವೇ ಸರಿ.

ಅಪ್ರೆಂಟಿಸ್‌ಶಿಪ್: ಒಂದೇ ಸಲ ಸಿಗುವ ಅವಕಾಶ

ಕಾಯ್ದೆಯಡಿ ನಡೆಯುವ ಅಪ್ರೆಂಟಿಸ್‌ಶಿಪ್ ಬೇರೆ, ಕಂಪನಿಗಳು ‘ಟ್ರೇನಿ’ ಎಂದು ಕರೆದು ಕೂಡಿಸಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಒಪ್ಪಂದ ನೋಂದಣಿಯಾಗುತ್ತದೆ, ಅದಕ್ಕೊಂದು ಸಂಖ್ಯೆ ಬರುತ್ತದೆ, ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ, ಅಂದರೆ ಎನ್‌ಎಸಿ ಸಿಗುತ್ತದೆ. ಎರಡನೆಯದರಲ್ಲಿ ವರ್ಷ ಕಳೆದ ಮೇಲೆ ಕೈಗೆ ಬರುವುದು ಲೆಟರ್‌ಹೆಡ್‌ನಲ್ಲಿ ಟೈಪು ಮಾಡಿದ ಅನುಭವಪತ್ರ. ಬಿಇಎಲ್ ಥರದ ಅರ್ಜಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸೇರಿದ ಮೊದಲ ತಿಂಗಳಲ್ಲೇ ಒಪ್ಪಂದದ ಸಂಖ್ಯೆ ಕೇಳಿ ಪಡೆಯಿರಿ. ‘ಆಮೇಲೆ ಕೊಡ್ತೀವಿ’ ಅಂದರೆ ನೋಂದಣಿ ಆಗಿಲ್ಲ ಎಂದೇ ಅರ್ಥ.

ಸ್ಟೈಪೆಂಡ್ 2019ರ ತಿದ್ದುಪಡಿಯಲ್ಲಿ ಕನಿಷ್ಠ ಹೀಗೆ ನಿಗದಿಯಾಯಿತು: 10ನೇ ತರಗತಿ ಪಾಸಾದವರಿಗೆ ತಿಂಗಳಿಗೆ 6000 ರೂಪಾಯಿ, ಐಟಿಐಯವರಿಗೆ 7000, ಡಿಪ್ಲೊಮಾದವರಿಗೆ 8000. ಎರಡನೇ ವರ್ಷ ಶೇ 10, ಮೂರನೇ ವರ್ಷ ಶೇ 15 ಏರಿಕೆ. ಇದು ನೆಲದ ಮಟ್ಟ, ಇದಕ್ಕಿಂತ ಹೆಚ್ಚು ಕೊಡಲು ಕಂಪನಿಗೆ ಯಾವ ಅಡ್ಡಿಯೂ ಇಲ್ಲ. ಸೇರುವ ವರ್ಷದ ದರವನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಒಮ್ಮೆ ಅಪ್ರೆಂಟಿಸ್‌ಶಿಪ್ ಮುಗಿಸಿದವರನ್ನು ಸಾರ್ವಜನಿಕ ಉದ್ದಿಮೆಗಳು ಮತ್ತೆ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುವುದಿಲ್ಲ, ಪ್ರಕಟಣೆಯಲ್ಲೇ ಹಾಗೆ ಬರೆದಿರುತ್ತದೆ. ಐಟಿಐ ಮುಗಿಸಿದ ಅವಸರದಲ್ಲಿ ಮನೆ ಹತ್ತಿರದ ಗ್ಯಾರೇಜಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರೆ ಎಚ್‌ಎಎಲ್, ಬಿಇಎಂಎಲ್, ನೈಋತ್ಯ ರೈಲ್ವೆಯ ಹುಬ್ಬಳ್ಳಿ ವರ್ಕ್‌ಶಾಪ್ ಇವೆಲ್ಲ ಕೈತಪ್ಪಿದ ಹಾಗೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ನೌಕರಿ ಕೊಡಲೇಬೇಕೆಂಬ ನಿಯಮವಿಲ್ಲ. ಆದರೆ ಲೆವೆಲ್-1, ಅಂದರೆ ಅತ್ಯಂತ ಕೆಳಹಂತದ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 20 ಹುದ್ದೆಗಳು ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಮೀಸಲು. ನೈಋತ್ಯ ರೈಲ್ವೆ ಅಪ್ರೆಂಟಿಸ್‌ಗಳನ್ನು ಆರಿಸುವುದು ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿಯಲ್ಲಿ. ಎಸ್ಸೆಸ್ಸೆಲ್ಸಿ ಅಂಕ ಐಟಿಐ ಸೇರಿದ ಮೇಲೆ ಮರೆತುಬಿಡುವಂಥದ್ದಲ್ಲ, ಎರಡು ವರ್ಷ ಬಿಟ್ಟು ಮತ್ತೆ ಎದುರಿಗೆ ಬರುತ್ತದೆ.

ಟ್ರೇಡ್ ಆರಿಸುವಾಗ

ಯಾವ ಟ್ರೇಡ್ ಅನ್ನುವುದು ಹುಡುಗನ ಮೈಗೂ ಮನಸ್ಸಿಗೂ ಸಂಬಂಧಪಟ್ಟ ವಿಷಯ. ಫಿಟ್ಟರ್ ಅಂದರೆ ಮೊದಲ ತಿಂಗಳುಗಳು ವೈಸ್ ಮುಂದೆ ನಿಂತು ಅರ ಹಾಕುವುದೇ. ಕಬ್ಬಿಣದ ತುಂಡಿನ ಮುಖವನ್ನು ಸಮತಟ್ಟು ಮಾಡಬೇಕು, ಟ್ರೈ ಸ್ಕ್ವೇರ್ ಅನ್ನುವ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕಿನ ಗೆರೆ ಕಾಣಕೂಡದು. ಹೊಸಬರ ತುಂಡು ಯಾವಾಗಲೂ ಅಂಚಿನಲ್ಲಿ ತಗ್ಗು, ನಡುವೆ ಉಬ್ಬು. ಅರ ಮುಂದೆ ಹೋಗುತ್ತಿದ್ದ ಹಾಗೆ ಭಾರ ಎಡಗೈಯಿಂದ ಬಲಗೈಗೆ ಬದಲಾಗಬೇಕು, ಅದಾಗದೆ ಅರ ಏತದ ಹಾಗೆ ತೂಗಾಡುವುದೇ ಇದಕ್ಕೆ ಕಾರಣ. ಇದನ್ನು ಸರಿಮಾಡಿಕೊಳ್ಳುವುದಕ್ಕೆ ವಾರಗಳು ಬೇಕು, ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ಬೇಸರವಾಗುತ್ತದೆ. ಬಿಟ್ಟು ಹೋಗುವವರು ಹೋಗುವುದು ಈ ಹಂತದಲ್ಲೇ. ದಾಟಿದವರ ಕೈ 0.02 ಮಿಲಿಮೀಟರ್ ಓದುವ ವರ್ನಿಯರ್, 0.01 ಓದುವ ಮೈಕ್ರೋಮೀಟರ್‌ಗೆ ಹೊಂದಿಕೊಂಡಿರುತ್ತದೆ. ಕಾರ್ಖಾನೆಯ ಸಂದರ್ಶನದಲ್ಲಿ ವರ್ನಿಯರ್ ಮತ್ತು ಒಂದು ತುಂಡು ಕೈಗಿಟ್ಟು ‘ಅಳತೆ ಹೇಳಪ್ಪ’ ಅನ್ನುತ್ತಾರೆ. ಎನ್‌ಟಿಸಿ ಇದ್ದೂ ಅಲ್ಲಿ ತಡವರಿಸುವವರು ಬಹಳ.

ಎಲೆಕ್ಟ್ರಿಷಿಯನ್‌ಗೆ ಕಾರ್ಖಾನೆ, ಕಟ್ಟಡ, ಸ್ವಂತ ಕೆಲಸ ಮೂರೂ ಕಡೆ ಜಾಗವಿದೆ. ಮೋಟಾರನ್ನು ಕಡಿಮೆ ಕರೆಂಟಿನಲ್ಲಿ ಶುರುಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಅವನ ಅಗ್ನಿಪರೀಕ್ಷೆ: ಮೋಟಾರಿನ 6 ತುದಿಗಳನ್ನು ಸ್ವತಃ ಗುರುತಿಸಿ ಜೋಡಿಸಿ, ಸ್ಟಾರ್‌ನಲ್ಲಿ ಶುರುಮಾಡಿದಾಗ ಲೈನಿನಿಂದ ಎಳೆಯುವ ಕರೆಂಟು ಮೂರನೇ ಒಂದಕ್ಕೆ ಯಾಕೆ ಇಳಿಯುತ್ತದೆಂದು ವಿವರಿಸಬಲ್ಲವನು ಕೆಲಸ ಹುಡುಕಿಕೊಂಡು ಅಲೆಯುವುದು ಕಡಿಮೆ. ಸ್ವಂತವಾಗಿ ವೈರಿಂಗ್ ಗುತ್ತಿಗೆ ಹಿಡಿಯಬೇಕೆಂದಿದ್ದರೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್, ಲೈಸೆನ್ಸ್ ಬೇಕೇ ಬೇಕು. ಪ್ರಮಾಣಪತ್ರ ಬಂದ ಕೂಡಲೇ ಅದರ ಹಿಂದೆ ಬೀಳಿ.

ವೆಲ್ಡರ್ ಒಂದೇ ವರ್ಷ, ಬೇಗ ದುಡಿಮೆ. ಬರೀ ಆರ್ಕ್ ವೆಲ್ಡಿಂಗ್ ಬಂದರೆ ಗೇಟು, ಗ್ರಿಲ್ಲಿನ ಮಟ್ಟದಲ್ಲಿ ನಿಲ್ಲುತ್ತದೆ. ಗ್ಯಾಸ್ ರಕ್ಷಣೆಯಲ್ಲಿ ಮಾಡುವ ಟಿಗ್, ಮಿಗ್ ವೆಲ್ಡಿಂಗ್, ಪೈಪ್ ವೆಲ್ಡಿಂಗ್ ಬಂದರೆ ದರ ಬೇರೆಯೇ. ರೆಫ್ರಿಜರೇಶನ್-ಎಸಿ ಟ್ರೇಡನ್ನು ಹೆಚ್ಚಿನವರು ಮರೆಯುತ್ತಾರೆ, ಸ್ವಂತ ಸರ್ವಿಸ್ ಮಾಡುವ ಇರಾದೆ ಇದ್ದವರಿಗೆ ಅದು ಫಿಟ್ಟರ್‌ಗಿಂತ ವಾಸಿ. ಕೋಪಾ ಒಂದನ್ನೇ ನಂಬಿ ಕೂರಬೇಡಿ. ಅದು ಬೇರೊಂದು ಓದಿನ ಜತೆಗೆ ಚೆನ್ನ.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜತೆಗೂಡಿ ಮೇಲ್ದರ್ಜೆಗೇರಿಸಲಾಗಿದೆ. ಅಲ್ಲಿ ರೋಬೊಟಿಕ್ಸ್, ಅಡ್ವಾನ್ಸ್ಡ್ ಸಿಎನ್‌ಸಿ, ವಿದ್ಯುತ್ ವಾಹನ ಮೆಕ್ಯಾನಿಕ್ ಥರದ ಹೊಸ ಟ್ರೇಡ್‌ಗಳಿವೆ. ಯಂತ್ರ ಚೆನ್ನಾಗಿವೆ, ಕಲಿಯಲು ಒಳ್ಳೆಯ ಜಾಗ. ಆದರೆ ಸರ್ಕಾರಿ ನೇಮಕಾತಿಯ ಟ್ರೇಡ್ ಪಟ್ಟಿಗಳು ನಿಧಾನವಾಗಿ ಬದಲಾಗುತ್ತವೆ. ಲೋಕೊ ಪೈಲಟ್ ಪಟ್ಟಿಯಲ್ಲಿ ರೋಬೊಟಿಕ್ಸ್ ಹುಡುಕಿದರೆ ಸಿಗುವುದಿಲ್ಲ. ಖಾಸಗಿ ಕಾರ್ಖಾನೆಯ ಕಡೆ ಮುಖವಿದ್ದರೆ ಹೊಸ ಟ್ರೇಡ್, ಸರ್ಕಾರಿ ಹುದ್ದೆಯ ಕಡೆ ಇದ್ದರೆ ಹಳೆಯ ಟ್ರೇಡ್.

ಕಾಲೇಜು ನೋಡುವ ಬಗೆ

ಪ್ರಾಚಾರ್ಯರ ಕೋಣೆಯಲ್ಲಿ ಕೂತು ಮಾಹಿತಿ ಪುಸ್ತಿಕೆ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ಕೆಲಸದ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ವರ್ಕ್‌ಶಾಪ್ ತೋರಿಸಿ ಎಂದು ಕೇಳಿ. ಲೇತಿನ ಕೆಳಗಿನ ತಟ್ಟೆಯಲ್ಲಿ ಹೊಳೆಯುವ ಹೊಸ ಲೋಹದ ಸುರುಳಿಗಳಿದ್ದರೆ ಯಂತ್ರ ಓಡುತ್ತಿದೆ. ತುಕ್ಕು ಹಿಡಿದ ಸುರುಳಿ ಅಥವಾ ಚೊಕ್ಕಟ ಖಾಲಿ ತಟ್ಟೆ ಇದ್ದರೆ ಅದು ಪ್ರದರ್ಶನದ ಲೇತು. ವೆಲ್ಡಿಂಗ್ ಬೂತಿನ ಡಬ್ಬಿಯಲ್ಲಿ ಸುಟ್ಟ ಎಲೆಕ್ಟ್ರೋಡಿನ ತುಂಡುಗಳು ತುಂಬಿರಬೇಕು. ಖರ್ಚು ಉಳಿಸುವ ಸಂಸ್ಥೆ ಮೊದಲು ಕೈ ಬಿಗಿ ಹಿಡಿಯುವುದೇ ಎಲೆಕ್ಟ್ರೋಡಿನಲ್ಲಿ. ದಿನಕ್ಕೆ ಒಂದೆರಡು ಕಡ್ಡಿ ಸುಟ್ಟು ಯಾರೂ ವೆಲ್ಡರ್ ಆಗುವುದಿಲ್ಲ. ವಿದ್ಯಾರ್ಥಿಗಳ ಬೂಟಿನ ಮೇಲೆ ಎಣ್ಣೆ ಕಲೆ ಇದೆಯೇ ನೋಡಿ. ಫಿಟ್ಟರ್, ಎಲೆಕ್ಟ್ರಿಷಿಯನ್ ಬ್ಯಾಚಿಗೆ 20 ಜನ. ಎಷ್ಟು ಲೇತುಗಳಿವೆ ಎಂದು ಕೇಳಬೇಡಿ, ಇವತ್ತು ಎಷ್ಟು ಓಡುತ್ತಿವೆ ಎಂದು ಕೇಳಿ. ಟ್ರೇಡ್ ಕಲಿಸುವ ಕಿರಿಯ ತರಬೇತಿ ಅಧಿಕಾರಿ (ಜೆಟಿಒ) ಹುದ್ದೆ ಖಾಲಿಯೇ, ಭರ್ತಿಯೇ ಎಂಬುದನ್ನು ಎರಡನೇ ವರ್ಷದ ಹುಡುಗರನ್ನು ಹೊರಗಡೆ ಮಾತಾಡಿಸಿ ತಿಳಿದುಕೊಳ್ಳಿ. ಸರ್ಕಾರಿ ಐಟಿಐಯಲ್ಲಿ ಶುಲ್ಕ ನೆಪಮಾತ್ರ, ಎಡವಟ್ಟಾದರೆ ಆಗುವುದು ಈ ಖಾಲಿ ಹುದ್ದೆಯಿಂದ.

ಖಾಸಗಿ ಐಟಿಐ ಆದರೆ ಸಂಯೋಜನೆ, ಅಂದರೆ ಮಾನ್ಯತೆ ಪರಿಶೀಲಿಸಿ. ಕೇಂದ್ರದ ಪೋರ್ಟಲ್‌ನಲ್ಲಿ ಪ್ರತಿ ಸಂಸ್ಥೆಗೂ ಒಂದು ಕೋಡ್ ಇರುತ್ತದೆ. ಸರ್ಕಾರಿ ಐಟಿಐಗಳದು ‘ಜಿ’ ಅಕ್ಷರದಿಂದ, ಖಾಸಗಿಯವರದು ‘ಪಿ’ ಅಕ್ಷರದಿಂದ ಶುರು. ಕೋಡ್ ಇದ್ದರೆ ಸಾಲದು. ಮಾನ್ಯತೆ ಸಿಗುವುದು ಸಂಸ್ಥೆಗೆ ಒಟ್ಟಾರೆಯಾಗಿ ಅಲ್ಲ, ಟ್ರೇಡ್‌ವಾರು, ಯೂನಿಟ್‌ವಾರು (ಒಂದು ಯೂನಿಟ್ ಅಂದರೆ ಒಂದು ಬ್ಯಾಚು). ಎಲೆಕ್ಟ್ರಿಷಿಯನ್‌ಗೆ 2 ಯೂನಿಟ್ ಮಾನ್ಯತೆ ಇಟ್ಟುಕೊಂಡು 3 ಬ್ಯಾಚು ತುಂಬಿಸಿಕೊಂಡರೆ ಮೂರನೇ ಬ್ಯಾಚಿನ ಮಕ್ಕಳಿಗೆ ಹಾಲ್ ಟಿಕೆಟ್ ಬರುವ ಹೊತ್ತಿಗೆ ಸತ್ಯ ತಿಳಿಯುತ್ತದೆ. ಹಣ ಕಟ್ಟಿದ ಮೇಲೆ ಪೋರ್ಟಲ್‌ನಲ್ಲಿ ಹೆಸರು ಬಂದಿದೆಯೇ ಎಂದು ಒಂದು ತಿಂಗಳೊಳಗೆ ನೋಡಿ. ‘ಹಾಜರಿ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಅನ್ನುವ ಕಡೆ ಎರಡು ವರ್ಷ ಮತ್ತು ದುಡ್ಡು ಎರಡೂ ಹೋಗುತ್ತವೆ. ಮೂಲ ಅಂಕಪಟ್ಟಿ ಕೊಟ್ಟರೆ ಸ್ವೀಕೃತಿ ಬರೆಸಿಕೊಳ್ಳದೆ ಎದ್ದು ಬರಬೇಡಿ.

‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂದರೆ ಮೂರು ಪ್ರಶ್ನೆ ಹಾಕಿ. ಸಂಬಳ ಕೊಡುವುದು ಕಂಪನಿಯೇ, ಲೇಬರ್ ಕಾಂಟ್ರಾಕ್ಟರೇ? ಪಿಎಫ್, ಇಎಸ್‌ಐ ಇದೆಯೇ? ಕಳೆದ ವರ್ಷ ಹೋದವರಲ್ಲಿ ಆರು ತಿಂಗಳಾದ ಮೇಲೂ ಅಲ್ಲೇ ಇರುವವರು ಎಷ್ಟು? ಮೂರನೆಯದಕ್ಕೆ ಉತ್ತರ ಬರದಿದ್ದರೆ ಮೊದಲ ಎರಡರ ಉತ್ತರಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಅರ್ಜಿ ಹಾಕುವ ಮುಂಚೆ ಮಾಡಬೇಕಾದ ಸಣ್ಣ ಕೆಲಸವೊಂದು ಉಳಿಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ, ಇನಿಷಿಯಲ್, ತಂದೆಯ ಹೆಸರು, ಹುಟ್ಟಿದ ದಿನಾಂಕ ಒಂದೊಂದಾಗಿ ತಾಳೆ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಎನ್‌ಟಿಸಿ, ಅಪ್ರೆಂಟಿಸ್ ಒಪ್ಪಂದ, ಎನ್‌ಎಸಿ ಮೂರರಲ್ಲೂ ಅದೇ ತಪ್ಪು ಬೆನ್ನು ಹತ್ತುತ್ತದೆ. ಪ್ರವೇಶಕ್ಕೆ ಮುಂಚೆ ಆಧಾರ್ ತಿದ್ದಿಸುವುದು ಒಂದು ದಿನದ ಓಡಾಟ. ಪ್ರಮಾಣಪತ್ರ ಬಂದಮೇಲೆ ತಿದ್ದಿಸುವುದಕ್ಕೆ ಐಟಿಐ, ಇಲಾಖೆ, ಕೇಂದ್ರದ ಪೋರ್ಟಲ್ ಎಂದು ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ, ಅಷ್ಟರಲ್ಲಿ ನೇಮಕಾತಿಯ ದಾಖಲೆ ಪರಿಶೀಲನೆ ಮುಗಿದುಹೋಗಿರುತ್ತದೆ.